ಆಯ್ತು ಅಂದ ಬೇಸಗೆ

ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ನಾನು ಅಡುಗೆಮನೆಯಲ್ಲಿ ಕಾವಲಿಗೆ ನೀರುದೋಸೆ ಹೊಯ್ಯುತ್ತಿದ್ದೆ. ನನ್ನ ಹೆಂಡತಿ ಭವ್ಯ ಕೆಳಗೆ ಗೇಟಿನ ಹತ್ತಿರ ಒಂದು ಕಾಲಲ್ಲಿ ನಿಂತು ಚಪ್ಪಲಿಯ ಬಾರು ಎಳೆದುಕೊಳ್ಳುತ್ತಿದ್ದಳು. ಅಲ್ಲಿಂದಲೇ ಮೇಲಕ್ಕೆ ಕೂಗಿದಳು: "ಮದ್ದು ಆಯ್ತಾ?"

"ಆಯ್ತು!" ಎಂದೆ.

ಅವಳು ಹೋದಳು. ಏಳೂ ಇಪ್ಪತ್ತಕ್ಕೆ ಅವಳ ಕಡಬದ ಬಸ್ಸು. ನಾನು ದೋಸೆ ಮಡಚಿದೆ.

ಆ ಒಂದು ಮಾತನ್ನು ಆಮೇಲೆ ಎಷ್ಟು ಸಾವಿರ ಸಲ ಮನಸ್ಸಿನೊಳಗೆ ಹೇಳಿಕೊಂಡಿದ್ದೇನೋ ಗೊತ್ತಿಲ್ಲ. ಮರೆತೆ ಅಂದುಕೊಂಡಾಗಲೆಲ್ಲ ಏನಾದರೊಂದು ಅದನ್ನು ಎಳೆದು ತರುತ್ತದೆ. ಮೊನ್ನೆ ನಾನು ಕೆಲಸ ಮಾಡುವ ಕಾಲೇಜಿನ ಲೈಬ್ರರಿಯಲ್ಲಿ ಒಬ್ಬಳು ಹುಡುಗಿ ಪುಸ್ತಕ ಹಿಂದಿರುಗಿಸುವಾಗ ಕೌಂಟರಿನ ಮೇಲೆ ಕೆಂಪು ಬಣ್ಣದ ಸುವಾಸನೆಯ ರಬ್ಬರ್ ಒಂದನ್ನು ಬಿಟ್ಟುಹೋದಳು. ಸ್ಟ್ರಾಬೆರಿಯದ್ದೆಂದು ಹೇಳಿ ಮಾರುವ, ಯಾವ ಹಣ್ಣಿನದ್ದೂ ಅಲ್ಲದ ಆ ವಾಸನೆ. ನಮ್ಮ ಮಗಳ ಸಿರಪ್ಪಿಗೂ ಅದೇ ವಾಸನೆ ಇತ್ತು. ನಾನು ರಬ್ಬರನ್ನು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕುಳಿತೆ.

ನಮ್ಮ ಮಗಳು ಇಂಚರ. ಆಗ ಅವಳಿಗೆ ನಾಲ್ಕು ವರ್ಷ, ಎಲ್‌ಕೆಜಿ. ಎರಡೂವರೆ ವರ್ಷಕ್ಕೆ ಮೊದಲ ಸಲ ಫಿಟ್ಸ್ ಬಂತು. ಅಂದಿನಿಂದ ದಿನಕ್ಕೆ ಎರಡು ಹೊತ್ತು ಸಿರಪ್ಪು, ಬೆಳಿಗ್ಗೆ ಏಳೂವರೆಗೆ, ಸಂಜೆ ಏಳೂವರೆಗೆ. ಡಾಕ್ಟರು ಹೇಳಿದ್ದು ಎರಡೇ ಮಾತು: ತಪ್ಪಿಸಬೇಡಿ, ಕೊಟ್ಟದ್ದನ್ನು ಮತ್ತೊಮ್ಮೆ ಕೊಡಬೇಡಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಏನೂ ಆಗಿರಲಿಲ್ಲ. ಏನೂ ಆಗದ ಆ ಒಂದು ವರ್ಷವೇ ನಮ್ಮನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ.

ಪುತ್ತೂರಿನಲ್ಲಿ ನಮ್ಮದು ಬಾಡಿಗೆಯ ಮಹಡಿ ಮನೆ. ಕೆಳಗೆ ಮನೆಯ ಒಡತಿ ನಫೀಸಕ್ಕ. ಅವರ ಗಂಡ, ಮಗ ಇಬ್ಬರೂ ಗಲ್ಫಿನಲ್ಲಿ. ಅಂಗಳದಲ್ಲಿ ಗಂಡನ ಬಿಳಿ ಕಾರು ಹೊದಿಕೆ ಹೊದ್ದು ನಿಂತಿರುತ್ತಿತ್ತು. ಐವತ್ತು ದಾಟಿದ ಮೇಲೆ ನಫೀಸಕ್ಕ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದಿದ್ದರು. ಆದರೆ ಗೇಟು ದಾಟಿಸುವ ಧೈರ್ಯ ಬಂದಿರಲಿಲ್ಲ. ದಿನಾ ಬೆಳಿಗ್ಗೆ ಅಂಗಳದಲ್ಲೇ ಹಿಂದೆ ಮುಂದೆ ಮಾಡಿ ಇಳಿಯುತ್ತಿದ್ದರು.

ನಾನೂ ಭವ್ಯಳೂ ಇಬ್ಬರೂ ದುಡಿಯುವವರು. ಅವಳು ಕಡಬದಲ್ಲಿ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತೆ, ನಾನು ಇಲ್ಲೇ ಲೈಬ್ರೇರಿಯನ್. ಮದುವೆಯಾದ ತಿಂಗಳಲ್ಲೇ ಕೆಲಸ ಹಂಚಿಕೊಂಡಿದ್ದೆವು. ಬೆಳಗ್ಗಿನ ತಿಂಡಿ, ಪಾತ್ರೆ, ಒಣಗಿದ ಬಟ್ಟೆ ಮಡಚುವುದು ನನ್ನದು. ಮಧ್ಯಾಹ್ನದ್ದು ರಾತ್ರಿಯದ್ದು ಅಡುಗೆ, ಬಟ್ಟೆ ಒಗೆಯುವುದು ಅವಳದ್ದು. ಗುಡಿಸಿ ಒರೆಸುವುದು ಯಾರಿಗೆ ಮೊದಲು ಮನಸ್ಸಿಗೆ ತಡೆಯುವುದಿಲ್ಲವೋ ಅವರದ್ದು, ಅಂದರೆ ಹೆಚ್ಚಾಗಿ ಅವಳದ್ದೇ. ಮಗಳ ಮದ್ದು ಬೆಳಿಗ್ಗೆ ಅವಳು, ಸಂಜೆ ನಾನು.

ನಾನು ಬಟ್ಟೆ ಮಡಚುವುದನ್ನು ಕಂಡರೆ ನಫೀಸಕ್ಕನಿಗೆ ತಮಾಷೆ. "ಎಂತ ದಿನೇಶಣ್ಣ, ಇವತ್ತು ಸೀರೆ ಡಿಪಾರ್ಟ್‌ಮೆಂಟಾ? ನಮ್ಮ ಇವರಿಗೆ ಒಂದು ಫೋಟೋ ಕಳಿಸ್ಲಾ? ಮೂವತ್ತು ವರ್ಷದಲ್ಲಿ ಅವ್ರು ಒಂದು ಕರ್ಚೀಫು ಮಡಚಿದ್ದು ನಾನು ನೋಡ್ಲಿಲ್ಲ."

"ಕಳಿಸಿ ಕಳಿಸಿ, ಕಲಿಲಿ," ಎನ್ನುತ್ತಿದ್ದೆ.

ನನಗೆ ಅದರಲ್ಲಿ ಹೆಮ್ಮೆ ಇತ್ತು. ಮುಚ್ಚಿಟ್ಟು ಪ್ರಯೋಜನ ಇಲ್ಲ. ಆ ತಿಂಗಳು ಕಾಲೇಜಿನಲ್ಲಿ ಮಹಿಳಾ ದಿನಾಚರಣೆಗೆ ಗಂಡಸರಲ್ಲಿ ಒಬ್ಬರು ಮಾತನಾಡಬೇಕು ಎಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಹತ್ತು ನಿಮಿಷ ಮಾತನಾಡಿದೆ. ಚಪ್ಪಾಳೆ ಬಿತ್ತು. ಮನೆಗೆ ಬಂದು ಹೇಳಿದರೆ ಭವ್ಯ ನಕ್ಕು, "ಭಾಷಣಕ್ಕೆ ಹೋಗುವ ಗಡಿಬಿಡಿಯಲ್ಲಿ ಪಾತ್ರೆ ಹಾಗೇ ಬಿಟ್ಟು ಹೋಗಿದ್ರಿ ಮಾರಾಯ್ರೆ, ನಾನು ತೊಳೆದೆ," ಎಂದಳು. ನಾನೂ ನಕ್ಕೆ. ಈಗ ಆ ನಗೆ ನೆನಪಾದರೆ ಮುಖ ಬಿಸಿಯಾಗುತ್ತದೆ.

ಇಲ್ಲಿ ಭಾಷೆಯ ವಿಷಯ ಹೇಳಬೇಕು. ನನ್ನ ಮನೆಮಾತು ತುಳು. ಭವ್ಯ ಗುತ್ತಿಗಾರಿನವಳು, ಅವಳದ್ದು ಅರೆಭಾಷೆ, ಆ ಕಡೆಯ ಕನ್ನಡದ ಒಂದು ಬಗೆ. ಅವಳಿಗೆ ತುಳು ಚೆನ್ನಾಗಿ ಬರುತ್ತದೆ. ಆದರೆ ನಾವು ಕಾಲೇಜಿನಲ್ಲಿ ಪರಿಚಯವಾದದ್ದು ಕನ್ನಡದಲ್ಲಿ, ಮದುವೆಯಾದ ಮೇಲೂ ಅದೇ ಮುಂದುವರಿಯಿತು. ತುಳುವಿನಲ್ಲಿ ಕೆಲಸ ಮುಗಿದಿದ್ದರೆ 'ಆಂಡ್' ಎನ್ನುತ್ತೇವೆ. ಸರಿ, ಮಾಡುತ್ತೇನೆ ಎನ್ನಲು 'ಆವು'. ಕನ್ನಡಕ್ಕೆ ಬಂದಾಗ ಎರಡೂ 'ಆಯ್ತು'. ಆ ಬೆಳಿಗ್ಗೆ ಭವ್ಯ ಕೇಳಿದ್ದು ಮದ್ದು ಕೊಟ್ಟಾಯಿತೇ ಎಂದು. ನನ್ನ ಕಿವಿಗೆ ಬಿದ್ದದ್ದು 'ಮದ್ದು ಕೊಡಿ, ಆಯ್ತಾ?' ಎಂಬ ಹಾಗೆ. ನಾನು ಹೇಳಿದ್ದು ಆವು. ಅವಳು ಕೇಳಿಸಿಕೊಂಡದ್ದು ಆಂಡ್.

ಆ ವಾರ ಅವಳ ಕಚೇರಿಯಲ್ಲಿ ತಪಾಸಣೆ ಇದ್ದುದರಿಂದ ಒಂದು ಗಂಟೆ ಮೊದಲಿನ ಬಸ್ಸು ಹಿಡಿಯಬೇಕಿತ್ತು. ಹಾಗಾಗಿ ಬೆಳಗ್ಗಿನ ಮದ್ದು ನನ್ನ ಪಾಲಿಗೆ ಬಂದಿತ್ತು. ಸಿರಪ್ಪಿನ ಬಾಟಲಿ ಎಂದಿನಂತೆ ಫ್ರಿಡ್ಜಿನ ಮೇಲಿತ್ತು. ದೋಸೆ ಮುಗಿಸಿ ಕೊಟ್ಟರಾಯಿತು ಅಂದುಕೊಂಡೆ. ಅಷ್ಟರಲ್ಲಿ ಇಂಚರ ಹಸಿರು ರಿಬ್ಬನ್ ಬೇಡ, ಕೆಂಪೇ ಬೇಕು ಎಂದು ನೆಲದಲ್ಲಿ ಕುಳಿತಳು. ಕೆಂಪು ಹುಡುಕಿದೆ. ಶಾಲೆಯ ವ್ಯಾನು ಆ ದಿನ ಕಾಲು ಗಂಟೆ ಮೊದಲೇ ಬಂದು ಹಾರ್ನ್ ಹೊಡೆಯಿತು. ಚೀಲ, ಬಾಟಲಿ, ಬೂಟು, ಮಗು. ಎತ್ತಿಕೊಂಡು ಇಳಿದೆ.

ಹನ್ನೊಂದು ಗಂಟೆಗೆ ಲೈಬ್ರರಿಯಲ್ಲಿ ನೆನಪಾಯಿತು.

ನಿಜವಾಗಿ ತಪ್ಪಿದ್ದು ಅಲ್ಲಿ. ಮರೆವು ಯಾರಿಗಾದರೂ ಆಗುತ್ತದೆ. ಆದರೆ ನನಗೆ ನೆನಪಾಯಿತು. ಸ್ಕೂಟರ್ ಹೊರಗೇ ಇತ್ತು. ಮನೆಗೆ ಹೋಗಿ ಬಾಟಲಿ ತೆಗೆದುಕೊಂಡು ಶಾಲೆಗೆ ಹೋಗಿ ಕೊಟ್ಟು ಬರಲು ಇಪ್ಪತ್ತು ನಿಮಿಷ ಸಾಕಿತ್ತು. ಭವ್ಯಳಿಗೆ ಒಂದು ಫೋನ್ ಮಾಡಬಹುದಿತ್ತು. ಫೋನ್ ಕೈಗೂ ತೆಗೆದುಕೊಂಡೆ. ಅವಳು ಏನೆನ್ನುತ್ತಾಳೆ ಎಂದು ಗೊತ್ತಿತ್ತು: ಒಂದು ವಾರ ಒಂದು ಕೆಲಸ ಕೊಟ್ಟರೆ ಇಷ್ಟೇನಾ? ಫೋನ್ ಕೆಳಗಿಟ್ಟೆ. ವರ್ಷದಿಂದ ಏನೂ ಆಗಿಲ್ಲ, ಸಂಜೆ ಹೇಗೂ ಕೊಡಲಿಕ್ಕುಂಟು ಎಂದು ನನಗೆ ನಾನೇ ಹೇಳಿಕೊಂಡು ಹೊಸ ಪುಸ್ತಕಗಳಿಗೆ ನಂಬರ್ ಅಂಟಿಸಲು ಕುಳಿತೆ.

ಸಂಜೆ ನಮ್ಮ ಲೈಬ್ರರಿಯ ಸ್ಟಾಕ್ ತಪಾಸಣೆ ಮುಗಿಯಲಿಲ್ಲ. ಇಂಚರ ಎಂದಿನಂತೆ ವ್ಯಾನಿನಿಂದ ಇಳಿದು ನಫೀಸಕ್ಕನ ಮನೆಯಲ್ಲಿದ್ದಳು. ಏಳು ಗಂಟೆಗೆ ಭವ್ಯಳಿಗೆ ಫೋನ್ ಮಾಡಿದೆ. ಅವಳಿನ್ನೂ ಬಸ್ಸಿನಲ್ಲಿ, ಕಡಬದ ದಾರಿಯ ಸವಣೂರಿನ ಹತ್ತಿರ. "ನನಗೆ ಲೇಟಾಗ್ತದೆ. ಇವತ್ತು ಮದ್ದು ನೀನು ಕೊಡು, ಆಯ್ತಾ?" ಎಂದೆ.

ಸಿಗ್ನಲ್ ಕಡಿದು ಕಡಿದು ಅವಳಿಗೆ ಕೇಳಿಸಿದ್ದು ಇಷ್ಟು: ಇವತ್ತು ಮದ್ದು... ಆಯ್ತಾ. ನಮ್ಮ ಕಡೆ ಪ್ರತಿ ಮಾತಿನ ಬಾಲಕ್ಕೂ 'ಆಯ್ತಾ' ಅಂಟಿರುತ್ತದೆ. ನಾನು ಬಂದೆ ಆಯ್ತಾ, ಬಾಗಿಲು ಹಾಕಿದ್ದೇನೆ ಆಯ್ತಾ. ನಾನು ಮೊದಲೇ ಮನೆಗೆ ಬಂದು ಕೊಟ್ಟಾಯಿತು, ಪುನಃ ಕಾಲೇಜಿಗೆ ಹೊರಟೆ ಎನ್ನುತ್ತಿದ್ದೇನೆ ಅಂದುಕೊಂಡಳು.

"ಆಯ್ತಾಯ್ತು," ಎಂದಳು. ಅವಳ ಹಿಂದೆ ಯಾರೋ ಕಂಡಕ್ಟರನ ಹತ್ತಿರ ಜಗಳಾಡುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಅದೂ ನೆನಪಿದೆ.

ಎಂಟೂವರೆಗೆ ನಾನು ಬಂದಾಗ ಮಗು ಮಲಗಿತ್ತು. ಭವ್ಯ ದಣಿದಿದ್ದಳು. ಊಟ ಮಾಡಿದೆವು, ಪಾತ್ರೆ ತೊಳೆದೆ. ಬೆಳಿಗ್ಗೆ ತಪ್ಪಿದ್ದನ್ನು ಹೇಳಲು ಆಗ ಇನ್ನೊಂದು ಅವಕಾಶ ಇತ್ತು. ಹೇಳಲಿಲ್ಲ. ಸಂಜೆಯದ್ದು ಹೇಗೂ ಕೊಟ್ಟಿದ್ದಾಳಲ್ಲ ಎಂಬ ಸಮಾಧಾನ.

ಬುಧವಾರ ಬೆಳಿಗ್ಗೆ ಐದು ಮುಕ್ಕಾಲಕ್ಕೆ ಭವ್ಯ ಸೀರೆ ತೆಗೆಯಲು ಕೋಣೆಗೆ ಬಂದವಳು "ದಿನೇಶ!" ಎಂದಳು. ಮದುವೆಯಾದ ಮೇಲೆ ಅವಳು ನನ್ನನ್ನು ಬರಿ ಹೆಸರಿನಿಂದ ಕರೆದದ್ದು ಅದೊಂದೇ ಸಲ. ಮಂಚ ಅಲುಗುತ್ತಿತ್ತು. ಇಂಚರಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಬಲಗೈ ಬಲಗಾಲು ಒಂದೇ ತಾಳದಲ್ಲಿ ಎಳೆಯುತ್ತಿತ್ತು. ಭವ್ಯ ಅವಳನ್ನು ಮಗ್ಗುಲಿಗೆ ತಿರುಗಿಸಿ, ಡಾಕ್ಟರು ಇಂಥ ಹೊತ್ತಿಗೆಂದೇ ಕೊಟ್ಟಿದ್ದ ಸ್ಪ್ರೇಯನ್ನು ಮೂಗಿಗೆ ಹೊಡೆದಳು. ಅವಳ ಕೈ ಅಲುಗಲಿಲ್ಲ. ಗಡಿಯಾರ ನೋಡುವುದು ನನ್ನ ಕೆಲಸ. ಐದು ನಿಮಿಷ ನೋಡಿದೆ. ನಿಲ್ಲಲಿಲ್ಲ.

ಮಗುವನ್ನು ಎತ್ತಿಕೊಂಡು ಇಳಿದೆ. ಆಟೋಕ್ಕೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಆಂಬುಲೆನ್ಸಿಗೆ ಇಪ್ಪತ್ತು ನಿಮಿಷ ಎಂದರು. ಸ್ಕೂಟರಿನಲ್ಲಿ ಅಂಥ ಮಗುವನ್ನು ಹೇಗೆ ಕೊಂಡುಹೋಗುವುದು? ನಫೀಸಕ್ಕ ಬಾಗಿಲು ತೆರೆದು ಒಂದು ಸಲ ಮಗುವಿನ ಮುಖ ನೋಡಿದರು. ಮತ್ತೇನೂ ಕೇಳದೆ ಕಾರಿನ ಹೊದಿಕೆ ಎಳೆದು ಅಂಗಳಕ್ಕೆ ಎಸೆದರು.

"ಹತ್ತಿ."

"ಅಕ್ಕ, ನೀವು ರೋಡಲ್ಲಿ..."

"ಹತ್ತಿ ಅಂತ ಹೇಳಿದ್ದು ನಾನು! ಬಾಯಿ ಮುಚ್ಚಿ ಹತ್ತಿ!"

ಗೇಟಿನ ಕಂಬಕ್ಕೆ ಕಾರಿನ ಬದಿ ಉಜ್ಜಿದ ಸದ್ದು ಈಗಲೂ ಕಿವಿಯಲ್ಲಿದೆ. ನಫೀಸಕ್ಕ ಎರಡನೆಯ ಗೇರಿನಿಂದ ಮೇಲೆ ಹೋಗಲೇ ಇಲ್ಲ. ಒಂದು ಕೈ ಹಾರ್ನಿನ ಮೇಲೆ, ಬಾಯಲ್ಲಿ ಪ್ರಾರ್ಥನೆ, ನಡುವೆ ಅಡ್ಡ ಬಂದ ಹಾಲಿನ ಬೈಕಿನವನಿಗೆ ತಮ್ಮ ಮನೆಮಾತು ಬ್ಯಾರಿಯಲ್ಲಿ ಬೈಗುಳ. ಹಿಂದಿನ ಸೀಟಿನಲ್ಲಿ ಭವ್ಯಳ ಮಡಿಲಲ್ಲಿ ತಲೆ, ನನ್ನ ಮಡಿಲಲ್ಲಿ ಕಾಲು. ಆ ಪುಟ್ಟ ಕಾಲು ನನ್ನ ಹೊಟ್ಟೆಗೆ ಒದೆಯುತ್ತಲೇ ಇತ್ತು. ಅದು ಅವಳ ಒದೆತವಲ್ಲ ಎಂದು ಗೊತ್ತಿದ್ದರೂ ಹಿಡಿದುಕೊಂಡಿದ್ದೆ. ತುಟಿ ನೀಲಿಯಾಗುತ್ತಾ ಬಂತು. ಭವ್ಯ ಅವಳ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದಳು, ಅರೆಭಾಷೆಯಲ್ಲಿ, ನನಗೆ ಅರ್ಥವಾಗದಷ್ಟು ಮೆಲ್ಲಗೆ.

ಆಸ್ಪತ್ರೆಯಲ್ಲಿ ಸೂಜಿ ಹಾಕಿದರು, ಮದ್ದು ಏರಿಸಿದರು. ಮತ್ತೊಂದು ಏರಿಸಿದರು. ಶುರುವಾಗಿ ನಲವತ್ತು ನಿಮಿಷದ ಹತ್ತಿರ ಹತ್ತಿರಕ್ಕೆ ಕೈಕಾಲು ನಿಂತಿತು. ನಿಂತದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ತಿಳಿಯದೆ ನಾವಿಬ್ಬರೂ ಡಾಕ್ಟರಮ್ಮನ ಮುಖ ನೋಡಿದೆವು. ಚಿಕ್ಕ ಪ್ರಾಯದ ಹೆಂಗಸು. ಅವರು ಮಾನಿಟರಿನಿಂದ ಕಣ್ಣು ತೆಗೆಯದೆ ಕೇಳಿದರು: "ಮದ್ದು ಏನಾದ್ರೂ ತಪ್ಪಿತ್ತಾ?"

"ಇಲ್ಲ," ಎಂದೆವು. ಇಬ್ಬರೂ ಒಟ್ಟಿಗೆ. ನನ್ನ ಬಾಯಿಯೂ ಹಾಗೆಯೇ ಹೇಳಿತು.

"ನಿನ್ನೆ ಸಂಜೆಯದ್ದು ಯಾರು ಕೊಟ್ಟದ್ದು?"

"ಇವರು," ಎಂದಳು ಭವ್ಯ.

"ಇವಳು," ಎಂದೆ ನಾನು.

ಡಾಕ್ಟರಮ್ಮ ಆಗ ತಿರುಗಿ ನೋಡಿದರು. ಬೈಯಲಿಲ್ಲ. "ಬೆಳಗ್ಗಿನದ್ದು?" ಎಂದು ಇನ್ನೂ ಮೆಲ್ಲಗೆ ಕೇಳಿದರು.

ಭವ್ಯ ನನ್ನನ್ನು ನೋಡಿದಳು. "ಆಯ್ತು ಅಂದ್ರಲ್ಲ ನೀವು? ಗೇಟಿನಿಂದ ಕೇಳಿದೆನಲ್ಲ ನಾನು?"

"ಕೊಡ್ತೇನೆ ಅಂತ ಹೇಳಿದ್ದು," ಎಂದೆ. "ಆಮೇಲೆ ಮರೆತುಹೋಯ್ತು."

ಅವಳು ಗೋಡೆಗೆ ಒರಗಿದಳು, ಹಾಗೇ ಕೆಳಗೆ ಜಾರಿ ಕುಳಿತಳು. ಹನ್ನೊಂದು ಗಂಟೆಯ ವಿಷಯ ಆಗಲೂ ನಾನು ಹೇಳಲಿಲ್ಲ.

ಅಲ್ಲಿಂದ ಮಂಗಳೂರಿಗೆ ಕಳುಹಿಸಿದರು. ಆಂಬುಲೆನ್ಸಿನಲ್ಲಿ ಒಬ್ಬರಿಗೇ ಜಾಗ. ಭವ್ಯ ಹತ್ತಿದಳು. ನಾನು ಹಿಂದೆಯೇ ಬಸ್ಸು ಹಿಡಿದೆ. ಮಾಣಿ ದಾಟಿದ ಮೇಲೆ ರಸ್ತೆ ಕೆಲಸದ ಧೂಳು, ಕಿಟಕಿ ಹಾಕಿದರೆ ಸೆಕೆ, ತೆರೆದರೆ ಬಾಯಿಯೊಳಗೆ ಮಣ್ಣು. ಪಕ್ಕದವರು ಎಲ್ಲಿಗೆ ಎಂದು ಕೇಳಿದರು. ಆಸ್ಪತ್ರೆಗೆ ಎಂದೆ. ಯಾರಿಗೆ ಎಂತ ಎಂದು ಕೇಳಿದರು. ಅಳು ಬಂತು. ಪಾಪ, ಅವರು ಮಂಗಳೂರಿನವರೆಗೂ ನನ್ನ ಭುಜದ ಮೇಲಿಟ್ಟ ಕೈ ತೆಗೆಯಲಿಲ್ಲ.

ಐಸಿಯುವಿನಲ್ಲಿ ಮೂರು ದಿನ ಇಂಚರ ಕಣ್ಣು ತೆರೆಯಲಿಲ್ಲ. ಉಳಿಯುತ್ತಾಳೆ ಎಂದು ಮೂರನೆಯ ದಿನ ಸಂಜೆ ಹೇಳಿದರು. ಹೇಗೆ ಉಳಿಯುತ್ತಾಳೆ ಎಂದು ಹೇಳಲಿಲ್ಲ.

ಮೊದಲು ಅವಳು ಮಾತಿನ ಮಲ್ಲಿ. ನನ್ನ ಹತ್ತಿರ ತುಳು, ತಾಯಿಯ ಹತ್ತಿರ ಅರೆಭಾಷೆ, ಕೆಳಗೆ ಹೋದರೆ ನಫೀಸಕ್ಕನ ಹತ್ತಿರ ಬ್ಯಾರಿ, ಶಾಲೆಯಲ್ಲಿ ಕನ್ನಡ. ಒಂದೇ ವಾಕ್ಯದಲ್ಲಿ ನಾಲ್ಕನ್ನೂ ಕಲಸುತ್ತಿದ್ದಳು. ಕಣ್ಣು ತೆರೆದ ಮೇಲೆ ಎರಡು ದಿನ ಒಂದು ಮಾತೂ ಇಲ್ಲ. ಬಲಗೈ ಸೋತಿತ್ತು. ಮೂರನೆಯ ದಿನ "ಉಮ್ಮ" ಎಂದಳು. ಬ್ಯಾರಿಯಲ್ಲಿ ಅಮ್ಮ. ಆದರೆ ಅವಳು ನಫೀಸಕ್ಕನನ್ನು ಕರೆಯುತ್ತಿದ್ದದ್ದು ಹಾಗೆ. ನಫೀಸಕ್ಕ ಅಲ್ಲಿರಲಿಲ್ಲ.

"ಓ," ಎಂದಳು ಭವ್ಯ. "ಇಲ್ಲೇ ಇದ್ದೇನೆ ಮಗ."

ಅದು ತನ್ನನ್ನು ಕರೆದದ್ದೋ ಅಲ್ಲವೋ ಎಂದು ಅವಳು ಯಾರಲ್ಲೂ ಕೇಳಲಿಲ್ಲ.

ಜನ ಬರತೊಡಗಿದರು. ಗುತ್ತಿಗಾರಿನಿಂದ ಭವ್ಯಳ ತಾಯಿ, ಆನೆ ಬಂದು ಬಾಳೆ ಮುರಿದುಹಾಕಿದ ವಾರವೇ, ಎಲ್ಲ ಬಿಟ್ಟು ಬಂದರು. ಈಶ್ವರಮಂಗಲದಿಂದ ನನ್ನ ಅಮ್ಮ. ಇಬ್ಬರಿಗೂ ಬೇರೆ ವಿಷಯಗಳಲ್ಲಿ ಒಮ್ಮತ ಇರುವುದು ಕಡಿಮೆ, ಈ ವಿಷಯದಲ್ಲಿ ಇತ್ತು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಅಮ್ಮ ಹೇಳುತ್ತಿದ್ದರು: "ಅವಳು ಕೆಲಸ ಬಿಡಲಿ. ಪಾಪ, ಇವನೊಬ್ಬ ಎಷ್ಟು ಅಂತ ಮಾಡುದು? ದೋಸೆ ಇವನೇ ಹೊಯ್ಯುದು, ಪಾತ್ರೆ ಇವನೇ ತೊಳೆಯುದು."

ಅತ್ತೆ ತಲೆಯಾಡಿಸಿದರು. "ನಾನು ಅವಳಿಗೆ ಆವತ್ತೇ ಹೇಳಿದ್ದೆ. ಮಗು ಹೀಗಿರುವಾಗ ಕಡಬಕ್ಕೆ ಎಂತಕ್ಕೆ ಹೋಗುದು? ಮದ್ದು ಕೊಡುದೆಲ್ಲ ಗಂಡಸರಿಗೆ ನೆನಪಿರ್ತದಾ?"

ಮರೆತದ್ದು ನಾನು. ಎಲ್ಲರಿಗೂ ಗೊತ್ತಿತ್ತು. ಆದರೂ ನನಗೆ ಸಿಕ್ಕಿದ್ದು ಪಾಪ ಎಂಬ ಮಾತು, ಫ್ಲಾಸ್ಕಿನಲ್ಲಿ ಕಾಫಿ. ಭವ್ಯಳಿಗೆ ಸಿಕ್ಕಿದ್ದು ಕೆಲಸ ಬಿಡು. ನೀನು ಬಿಡು ಎಂದು ನನಗೆ ಒಬ್ಬರೂ ಹೇಳಲಿಲ್ಲ. ನಾನು ಮಾಡಿದ ಮನೆಗೆಲಸವೆಲ್ಲ ಉಪಕಾರದ ಲೆಕ್ಕಕ್ಕೆ ಸೇರಿತ್ತು. ಉಪಕಾರ ಮಾಡುವವನು ತಪ್ಪಿದರೆ ಯಾರೂ ಬೈಯುವುದಿಲ್ಲ. ಭವ್ಯ ಎಲ್ಲವನ್ನೂ ಕೇಳಿಸಿಕೊಂಡು ಮಗುವಿನ ಸೋತ ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಮಡಚುತ್ತಾ ಕುಳಿತಿರುತ್ತಿದ್ದಳು. ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು.

ಅಮ್ಮನ ಮಾತಿಗೆ ನಾನು ಅಲ್ಲೇ ಎದುರಾಡಬೇಕಿತ್ತು. ಅವರು ಕೊಟ್ಟ ಕಾಫಿ ಕುಡಿದೆ.

ಮನೆಗೆ ಬಂದ ಮೇಲೆ ಭವ್ಯ ಸಂಬಳವಿಲ್ಲದ ರಜೆ ಹಾಕಿದಳು. ಮದ್ದಿನ ಬಾಟಲಿ ಅವಳ ಕಪಾಟಿಗೆ ಹೋಯಿತು. ನನ್ನನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ. ದೋಸೆಯನ್ನೂ ಅವಳೇ ಹೊಯ್ದಳು, ಪಾತ್ರೆಯನ್ನೂ ಅವಳೇ ತೊಳೆದಳು. ಜಗಳ ಇರಲಿಲ್ಲ. ಜಗಳವಾದರೂ ಆಗಬಾರದೇ ಎಂದು ನಾನು ಕಾಯುತ್ತಿದ್ದೆ. ಮನೆಯಲ್ಲಿ 'ಆಯ್ತು' ಎಂಬ ಮಾತು ಸತ್ತುಹೋಯಿತು. ಯಾರೂ ಹೇಳಿ ಮಾಡಿದ್ದಲ್ಲ. ಕೊಟ್ಟೆ, ಕೊಡ್ತೇನೆ, ತಂದೆ, ತರ್ತೇನೆ ಎಂದು ಬಿಡಿಸಿ ಹೇಳುತ್ತಿದ್ದೆವು, ಹೊಸದಾಗಿ ಕನ್ನಡ ಕಲಿತವರ ಹಾಗೆ.

ಒಂದು ಕೆಲಸ ಮಾತ್ರ ಹಂಚಿಕೊಂಡೆವು. ರಾತ್ರಿ ಎಚ್ಚರ ಇರುವುದು. ಹತ್ತರಿಂದ ಎರಡರವರೆಗೆ ನಾನು, ಎರಡರಿಂದ ಬೆಳಗಿನವರೆಗೆ ಅವಳು. ಅಷ್ಟು ಬೇಕಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಲಗಲು ನಮ್ಮಿಂದ ಆಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ನನಗೆ ಮಂಚ ಅಲುಗಿದಂತಾಗುತ್ತಿತ್ತು. ಫ್ಯಾನಿನ ಗಾಳಿಗೆ ಮಗುವಿನ ಹೊದಿಕೆಯ ಅಂಚು ಅಲುಗಿದರೂ ಎದ್ದು ಬಗ್ಗಿ ನೋಡುತ್ತಿದ್ದೆ. ಏಪ್ರಿಲಿನ ಸೆಕೆಗೆ ಕರೆಂಟು ಹೋದರೆ ಟಾರ್ಚು ಹಿಡಿದು ಅವಳ ಬಾಯಿಯನ್ನೇ ನೋಡುತ್ತಾ ಕೂರುತ್ತಿದ್ದೆ. ಎರಡು ಗಂಟೆಗೆ ಭವ್ಯಳ ಭುಜ ಮುಟ್ಟುವ ಮೊದಲೇ ಅವಳು ಎದ್ದಿರುತ್ತಿದ್ದಳು. ಎರಡೂ ಪಾಳಿಯಲ್ಲಿ ಇಬ್ಬರೂ ಎಚ್ಚರ ಇದ್ದೆವು ಎನ್ನುವುದೇ ಸರಿ. ಒಬ್ಬರು ಕುಳಿತು, ಒಬ್ಬರು ಮಲಗಿ.

ಮೇ ತಿಂಗಳ ಒಂದು ಮಧ್ಯಾಹ್ನ ಅವಳು ಕಾಗದದಲ್ಲಿ ಏನೋ ಬರೆಯುತ್ತಿದ್ದಳು. ರಾಜೀನಾಮೆ ಪತ್ರ. ತಿದ್ದಿ ಕೊಡಿ ಎಂದು ನನ್ನ ಮುಂದಿಟ್ಟಳು. ಮೊದಲಿನಿಂದಲೂ ಅವಳ ಅರ್ಜಿಗಳನ್ನು ನಾನೇ ತಿದ್ದುವುದು. 'ಮನೆಯ ಜವಾಬ್ದಾರಿಯ ಕಾರಣದಿಂದ' ಎಂಬ ಸಾಲಿನ ಮೇಲೆ ನನ್ನ ಪೆನ್ನು ನಿಂತಿತು.

"ಆವತ್ತು ಹನ್ನೊಂದು ಗಂಟೆಗೆ ನನಗೆ ನೆನಪಾಗಿತ್ತು," ಎಂದೆ.

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಸ್ಕೂಟರ್, ಇಪ್ಪತ್ತು ನಿಮಿಷ, ಕೈಗೆ ತೆಗೆದುಕೊಂಡು ಕೆಳಗಿಟ್ಟ ಫೋನು. ಇಂಚರ ಒಳಗೆ ಮಲಗಿದ್ದಳು. ಕೆಳಗೆ ನಫೀಸಕ್ಕ ಅಂಗಳದಲ್ಲಿ ಯಾರಿಗೋ ಕಾರಿನ ಗೀರು ತೋರಿಸುತ್ತಿದ್ದರು.

"ಎಂತಕ್ಕೆ ಫೋನ್ ಮಾಡ್ಲಿಲ್ಲ?"

"ನೀನು ಬೈತಿ ಅಂತ."

"ಬೈತಿದ್ದೆ," ಎಂದಳು. "ಖಂಡಿತ ಬೈತಿದ್ದೆ. ಬೈಗುಳಕ್ಕೆ ಹೆದರಿದ್ದಾ ನೀವು?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಇಷ್ಟು ದಿನ ನಾನು ಎಂತ ಯೋಚನೆ ಮಾಡ್ತಿದ್ದೆ ಗೊತ್ತುಂಟಾ? ನಾನು ಗೇಟಿನಿಂದ ಹಿಂದೆ ಬಂದು ನೋಡಿ ಹೋಗ್ಬೇಕಿತ್ತು ಅಂತ. ಬಸ್ಸು ಹೋದ್ರೆ ಹೋಗ್ಲಿ ಅಂತ. ಎರಡು ತಿಂಗಳಿಂದ ಅದನ್ನೇ." ಅವಳ ಸ್ವರ ಏರಲಿಲ್ಲ. "ಇಷ್ಟು ವರ್ಷ ನೀವು ಮನೆಯಲ್ಲಿ ಮಾಡಿದ್ದು ನನ್ನ ಕೆಲಸ. ನನಗೆ ಸಹಾಯ. ಅದಕ್ಕೇ ತಪ್ಪಿದಾಗ ನಿಮಗೆ ನನ್ನ ಹೆದರಿಕೆ ಆದದ್ದು. ನಿಮ್ಮದೇ ಕೆಲಸ ಆಗಿದ್ರೆ ಮಗುವಿನ ಹೆದರಿಕೆ ಆಗ್ತಿತ್ತು. ಗಾಡಿ ತೆಗೆದು ಓಡ್ತಿದ್ರಿ."

ನಾನು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ನಾನು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ, ಅಥವಾ ನಿರೀಕ್ಷಿಸಿದ್ದೆನೋ ಏನೋ. ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು ಕಪಾಟಿನಿಂದ ಸಿರಪ್ಪಿನ ಬಾಟಲಿ ತಂದು ರಾಜೀನಾಮೆ ಪತ್ರದ ಮೇಲಿಟ್ಟಳು.

"ಎರಡು ಹೊತ್ತೂ ನೀವೇ. ನಾನು ಕೇಳುದಿಲ್ಲ. ಮುಗಿದ್ರೆ ತರುದು ನೀವು, ಡಾಕ್ಟರ ಹತ್ತಿರ ಹೋಗುದು ನೀವು, ತಪ್ಪಿದ್ರೆ ಎತ್ತಿಕೊಂಡು ಓಡುದೂ ನೀವು. ನನ್ನ ಹತ್ತಿರ ಕೊಟ್ಟೆ ಅಂತ ಹೇಳ್ಬೇಡಿ."

"ಮತ್ತೆ ಈ ಪತ್ರ?"

"ಅದನ್ನು ನಾನು ನೋಡ್ತೇನೆ."

ನನಗೆ ಕ್ಷಮೆ ಸಿಕ್ಕಿತೆಂದು ನಾನು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಅವಳು ಕೊಟ್ಟದ್ದು ಕೆಲಸ. ಮೊದಲ ಸಂಜೆ ಸಿರಪ್ಪನ್ನು ಅಳತೆಯ ಗೆರೆಯವರೆಗೆ ಎಳೆದು ಬೆಳಕಿಗೆ ಹಿಡಿದು ಮೂರು ಸಲ ನೋಡಿದೆ. ಭವ್ಯ ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿದ್ದಳು. ಬೆರಳುಗಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಚಾಕು ಹಿಡಿದಿದ್ದಳು. ತಿರುಗಿ ನೋಡಲಿಲ್ಲ, ಕೇಳಲಿಲ್ಲ. ಅಷ್ಟು ಕಷ್ಟಪಟ್ಟು ಒಬ್ಬರು ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ.

ಅವಳು ಪತ್ರ ಕೊಡಲಿಲ್ಲ. ಜೂನ್ ಮೊದಲ ಸೋಮವಾರ ಪುನಃ ಕಡಬದ ಬಸ್ಸು ಹತ್ತಿದಳು. ಅಮ್ಮ ಫೋನಿನಲ್ಲಿ, "ಇಷ್ಟಾದ ಮೇಲೂ ಕಳಿಸ್ತಿಯಾ?" ಎಂದರು. "ತಪ್ಪು ನನ್ನದಮ್ಮ. ಮದ್ದು ಈಗ ನನ್ನ ಕೆಲಸ. ಇನ್ನು ಅವಳನ್ನು ಕೇಳಬೇಡಿ," ಎಂದೆ. ಅಷ್ಟು ಹೇಳಲು ನನಗೆ ಮೂರು ತಿಂಗಳು ಬೇಕಾಯಿತು. ಅಮ್ಮ ಒಂದು ವಾರ ಫೋನ್ ಮಾಡಲಿಲ್ಲ.

ಇಂಚರಳನ್ನು ಆ ವರ್ಷ ಶಾಲೆಗೆ ಕಳುಹಿಸಲಿಲ್ಲ. ಕೈ ಸುಮಾರಾಗಿ ಬಂದಿತ್ತು. ಮಾತು ಮಾತ್ರ ಮೊದಲಿನ ಹಾಗೆ ಬರಲಿಲ್ಲ. ಈಗಲೂ ಅವಳು ಒಂದು ವಸ್ತುವನ್ನು ನೋಡಿ ಅದರ ಹೆಸರಿಗಾಗಿ ಕಾಯುತ್ತಾಳೆ. ಬಾಗಿಲ ಬಳಿ ನಿಂತು ಒಳಗಿನಿಂದ ಯಾರಾದರೂ ಬರಲಿ ಎಂದು ಕಾಯುವವರಂತೆ. ಬಂದರೆ ನಗುತ್ತಾಳೆ. ಬಾರದಿದ್ದರೆ ಬೆರಳು ತೋರಿಸಿ ಸುಮ್ಮನಾಗುತ್ತಾಳೆ. ತುಳುವನ್ನು ಅರ್ಥ ಮಾಡಿಕೊಳ್ಳುತ್ತಾಳೆ. ಉತ್ತರ ಮಾತ್ರ ಕನ್ನಡದಲ್ಲಿ, 'ಬೇಕು', 'ಬೇಡ', 'ಅಲ್ಲಿ'. ನನ್ನನ್ನು 'ಅಪ್ಪ' ಎಂದು ಕರೆಯಲು ಶುರು ಮಾಡಿದ್ದು ಮತ್ತೂ ಎಷ್ಟೋ ಸಮಯದ ಮೇಲೆ.

ಭವ್ಯ ಕೆಲಸಕ್ಕೆ ಸೇರಿದ ಆ ವಾರದ ಗುರುವಾರ. ಅವಳು ತಡವಾಗಿ ಬಂದಿದ್ದಳು. ಊಟ ಮಾಡುತ್ತಲೇ ತೂಕಡಿಸುತ್ತಿದ್ದಳು. "ಎರಡು ಗಂಟೆಗೆ ಎಬ್ಬಿಸಿ," ಎಂದು ಮಗುವಿನ ಆ ಬದಿಯಲ್ಲಿ ಮಲಗಿದಳು. ನಾನು ಈ ಬದಿಯಲ್ಲಿ ಗೋಡೆಗೆ ದಿಂಬು ಇಟ್ಟು ಕುಳಿತೆ. ಹನ್ನೊಂದು ನೋಡಿದ ನೆನಪಿದೆ. ಹನ್ನೆರಡು ನೋಡಿದ ನೆನಪಿಲ್ಲ.

ಎಚ್ಚರವಾದಾಗ ಕೋಣೆಯೊಳಗೆ ಬೆಳಕಿತ್ತು. ಮಳೆ ಬಂದು ನಿಂತ ಮೇಲಿನ ಬಿಳಿಚಿದ ಬೆಳಕು. ಕುಳಿತಲ್ಲಿಂದಲೇ ಜಾರಿ ಮಲಗಿದ್ದಕ್ಕೆ ಕುತ್ತಿಗೆ ನೋಯುತ್ತಿತ್ತು. ರಸ್ತೆಯಲ್ಲಿ ಬಸ್ಸುಗಳು ಓಡಾಡುತ್ತಿದ್ದವು. ಬೆಳಗಾಗಿ ಎಷ್ಟೋ ಹೊತ್ತಾಗಿತ್ತು, ಒಂದು ಇಡೀ ರಾತ್ರಿ ಯಾರೂ ನೋಡದೆ ಕಳೆದುಹೋಗಿತ್ತು ಎಂದು ತಿಳಿಯಿತು. ನಾನು ತಲೆಯ ಮೇಲಿನ ಮಾಡನ್ನೇ ನೋಡುತ್ತಾ ಮಲಗಿದ್ದೆ. ಪಕ್ಕಕ್ಕೆ ತಿರುಗಲು ಧೈರ್ಯ ಬರಲಿಲ್ಲ.

ಆ ಬದಿಯಿಂದ ಭವ್ಯಳ ಉಸಿರಿನ ಸದ್ದು ಕೇಳಿಸಿತು. ನಿದ್ದೆಯ ಉಸಿರಲ್ಲ. ಅವಳೂ ಎದ್ದಿದ್ದಳು. ಅವಳೂ ಮಾಡನ್ನೇ ನೋಡುತ್ತಿದ್ದಳು.

"ನೋಡಿದ್ರಾ?" ಎಂದಳು.

"ಇಲ್ಲ. ನೀನು?"

"ಇಲ್ಲ."

"ನೋಡು."

"ನೀವು ನೋಡಿ."

ಸ್ವಲ್ಪ ಹೊತ್ತು ಇಬ್ಬರೂ ಅಲುಗಲಿಲ್ಲ. ಆಮೇಲೆ ಭವ್ಯ, "ಒಟ್ಟಿಗೆ," ಎಂದಳು.

ಇಬ್ಬರೂ ಒಟ್ಟಿಗೆ ತಿರುಗಿದೆವು. ಇಂಚರ ಅಂಗಾತ ಮಲಗಿದ್ದಳು. ಬಾಯಿ ಅರ್ಧ ತೆರೆದಿತ್ತು, ಎಂಜಲು ದಿಂಬಿಗೆ ಇಳಿದಿತ್ತು. ಅಂಗಿ ಹೊಟ್ಟೆಯ ಮೇಲೆ ಏರಿತು, ಇಳಿಯಿತು. ಮತ್ತೆ ಏರಿತು. ಅವಳಾಚೆಯಿಂದ ಭವ್ಯ ಮೊದಲು ಅವಳನ್ನು, ಆಮೇಲೆ ನನ್ನನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ ಹಾಗೆ ನೇರವಾಗಿ. ಮುಖದಲ್ಲಿ ನಗು ಇರಲಿಲ್ಲ. ಸೆರಗಿನ ತುದಿಯಿಂದ ಮಗುವಿನ ಗಲ್ಲ ಒರೆಸಿದಳು, ತಲೆ ದಿಂಬಿಗೆ ಇಟ್ಟು ಮತ್ತೆ ಕಣ್ಣು ಮುಚ್ಚಿದಳು.